ಇಟಲಿಯ ವಿಹಾರ ನೌಕೆ ಹತ್ತುವ ಮುನ್ನ



ಈಚೆಗೆ ಸಂಘದ ಕಚೇರಿಗೆ ಬರುವವರಲ್ಲಿ ಹಲವರು ಗೊಬ್ಬರದ ಲೆಕ್ಕ, ಅಡಿಕೆ ಧಾರಣೆಯ ಮಾತು ಎಲ್ಲ ಮುಗಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಬೇರೆಯೇ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಅಪ್ಪ ಅಮ್ಮನನ್ನು ಇಟಲಿಯ ಹಡಗಿನಲ್ಲಿ ಒಂದು ವಾರ ಸುತ್ತಾಡಿಸಲು ಹೊರಟಿದ್ದಾರಂತೆ. ಅಲ್ಲಿ ನಮಗೆ ಊಟ ಸಿಗುತ್ತದೆಯೇ, ಎಲೆ ಅಡಿಕೆ ಹಾಕಬಹುದೇ, ಎಷ್ಟು ದುಡ್ಡು ಇಟ್ಟುಕೊಂಡಿರಬೇಕು, ಹಡಗಿಗೆ ಏನಾದರೂ ಆದರೆ ಗತಿಯೇನು ಎಂಬುದು ಪ್ರಶ್ನೆ. ನಾನೂ ನಮ್ಮ ಮನೆಯವರೂ ಅಂಥ ಒಂದು ಹಡಗಿನಲ್ಲಿ ಏಳು ರಾತ್ರಿ ಇದ್ದು ಬಂದವರಾದ್ದರಿಂದ ಗುಬ್ಬಿಯವರಿಗೊಂದು ಸಲ, ಕುಣಿಗಲ್ಲಿನವರಿಗೊಂದು ಸಲ ಬಾಯಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದು ಮೇಲೆಂದು ತೋರಿತು.

ಮೊದಲಿಗೆ ಈ 'ಇಟಲಿಯ ಹಡಗು' ಎಂದರೇನು ಎಂಬುದನ್ನು ನೋಡೋಣ. ಇಟಲಿಯ ಹಡಗು ನಮ್ಮ ದೇಶಕ್ಕೆ ಹೊಸದೇನಲ್ಲ. ಟ್ರಿಯೆಸ್ಟ್ ನಗರದ ಲಾಯ್ಡ್ ಟ್ರಿಯೆಸ್ಟಿನೊ ಕಂಪನಿಯ ಹಡಗುಗಳು ಮುಂಬಯಿಗೂ ಇಟಲಿಗೂ ನಡುವೆ ಹಲವು ದಶಕ ಓಡಾಡಿದವು. 1931ರಲ್ಲಿ ದುಂಡುಮೇಜಿನ ಪರಿಷತ್ತು ಮುಗಿಸಿ ಗಾಂಧೀಜಿ ಹಿಂದಿರುಗಿದ್ದು ಇದೇ ಕಂಪನಿಯ 'ಪಿಲ್ಸ್ನಾ' ಹಡಗಿನಲ್ಲಿ. ಡಿಸೆಂಬರ್ 14ರಂದು ಬ್ರಿಂಡಿಸಿಯಲ್ಲಿ ಹತ್ತಿ 28ರಂದು ಮುಂಬಯಿಯಲ್ಲಿ ಇಳಿದರು. ಆದರೆ ಅದು ಊರು ಸೇರಿಸುವ ಹಡಗು. ಈಗಿನ ವಿಹಾರ ನೌಕೆ ಯಾವ ಊರಿಗೂ ಸೇರಿಸುವುದಿಲ್ಲ. ಹತ್ತಿಸಿಕೊಂಡ ಬಂದರಿಗೇ ಸಾಮಾನ್ಯವಾಗಿ ತಂದು ಇಳಿಸುತ್ತದೆ. ನಡುವೆ ದಿನಕ್ಕೊಂದು ಊರು ತೋರಿಸುತ್ತದೆ, ಅಷ್ಟೆ. ಪ್ರಯಾಣವೇ ಇಲ್ಲಿ ಮಾರಾಟದ ಸರಕು.

ಈ ವ್ಯಾಪಾರದಲ್ಲಿ ಇಟಲಿಯ ಹೆಸರು ಹೇಳುವ ಕಂಪನಿಗಳು ಮುಖ್ಯವಾಗಿ ಎರಡು. ಕೋಸ್ಟಾ ಕಂಪನಿ 1854ರಷ್ಟು ಹಿಂದೆ ಜಿನೋವಾ ನಗರದಲ್ಲಿ ಆಲಿವ್ ಎಣ್ಣೆ, ಬಟ್ಟೆಗಳ ವ್ಯಾಪಾರದಿಂದ ಶುರುವಾದ ಮನೆತನದ ಸಂಸ್ಥೆ. ಎರಡನೆಯ ಮಹಾಯುದ್ಧ ಕಳೆದ ಮೇಲೆ ಪ್ರಯಾಣಿಕರ ಹಡಗಿಗೆ ಇಳಿಯಿತು. 2000ದಿಂದ ಅದು ಪೂರ್ತಿಯಾಗಿ ಅಮೆರಿಕದ ಕಾರ್ನಿವಲ್ ಕಂಪನಿಯ ಕೈಯಲ್ಲಿದೆ. ಇನ್ನೊಂದು ಎಂಎಸ್‌ಸಿ. ಅದರ ಒಡೆತನ ಇಟಲಿ ಮೂಲದ ಮನೆತನದ್ದು, ಮುಖ್ಯ ಕಚೇರಿ ಮಾತ್ರ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಕುಣಿಗಲ್ ದಾಟಿ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಲಾರಿಗಳ ಕಂಟೇನರ್ ಮೇಲೆ ಈ ಮೂರಕ್ಷರ ನೋಡಿರುತ್ತೀರಿ. ನಮ್ಮ ಕಾಫಿ ಮೂಟೆ ಸಾಗಿಸುವವರೇ ಜನರನ್ನೂ ಸಾಗಿಸುತ್ತಾರೆ ಎಂದಾಯಿತು.

ಕೋಸ್ಟಾದವರು ನಮ್ಮ ಕಡಲಿಗೂ ಬಂದುಹೋಗಿದ್ದಾರೆ. 2016ರ ಡಿಸೆಂಬರ್‌ನಿಂದ 'ನಿಯೋಕ್ಲಾಸಿಕಾ' ಎಂಬ ಹಡಗು ಮುಂಬಯಿಯನ್ನು ನೆಲೆಯಾಗಿಟ್ಟುಕೊಂಡು ಕೊಚ್ಚಿ, ಮಾಲ್ಡೀವ್ಸ್ ಕಡೆ ಓಡಾಡಿತು. ನವ ಮಂಗಳೂರು ಬಂದರಿಗೂ ಬರುತ್ತಿತ್ತು. 2023ರ ನವೆಂಬರ್‌ನಲ್ಲಿ 'ಸೆರೆನಾ' ಎಂಬ ಇನ್ನೂ ದೊಡ್ಡ ಹಡಗು, ಒಂದು ಲಕ್ಷ ಟನ್ನಿಗೂ ಮೇಲ್ಪಟ್ಟದ್ದು, ಮುಂಬಯಿಯಿಂದ ಕೆಲವು ಕಾಲ ಹೊರಟಿತು. ಇವೆಲ್ಲ ಋತುಮಾನದ ಏರ್ಪಾಡುಗಳು. ಈ ವರ್ಷ ಇದ್ದದ್ದು ಮುಂದಿನ ವರ್ಷ ಇರುವುದಿಲ್ಲ. ಹಾಗಾಗಿ ಈಗ ನಮ್ಮವರು ಹೆಚ್ಚಾಗಿ ಕೇಳುತ್ತಿರುವುದು ಇಟಲಿಗೇ ಹೋಗಿ ಜಿನೋವಾ, ಸವೋನಾ ಮುಂತಾದ ಬಂದರುಗಳಲ್ಲಿ ಹತ್ತುವ ಮೆಡಿಟರೇನಿಯನ್ ಯಾತ್ರೆಯ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಟಲಿ ನೋಡಬೇಕೆಂಬ ಆಸೆಯಿದ್ದವರು ಹಡಗು ಹತ್ತಬೇಡಿ, ರೈಲಿನಲ್ಲಿ ಹೋಗಿ. ಮಂಗಳೂರಿಗೆ ವಿದೇಶೀ ನೌಕೆ ಬಂದ ದಿನ ಏನಾಗುತ್ತದೆ ಎಂಬುದನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ. ಬೆಳಿಗ್ಗೆ ಇಳಿದವರನ್ನು ಬಸ್ಸಿನಲ್ಲಿ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪುರುಸೊತ್ತಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿಸಿ ಸಂಜೆಗೆ ಹಡಗಿಗೆ ತಂದು ಬಿಡುತ್ತಾರೆ. (ಆ ಚಾಪೆಲ್ಲಿನ ಗೋಡೆ, ಛಾವಣಿಯ ಚಿತ್ರಗಳನ್ನು 1899ರಿಂದ ಸುಮಾರು ಎರಡು ವರ್ಷ ಕೂತು ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೆನಿ. ಅಷ್ಟು ದೂರದಿಂದ ಬಂದ ಇಟಲಿಯವರಿಗೆ ಮತ್ತೆ ಇಟಲಿಯವನ ಕೈಕೆಲಸವನ್ನೇ ತೋರಿಸುವುದು ಒಂದು ತಮಾಷೆ.) ಅವರು ಊರಿಗೆ ಹೋಗಿ ಕರ್ನಾಟಕ ನೋಡಿದೆವೆಂದರೆ ನಾವು ನಗುತ್ತೇವೆ. ನಮ್ಮ ಪಾಡೂ ಅದೇ. ರೋಮ್ ನಗರಕ್ಕೆಂದು ಹಡಗು ನಿಲ್ಲುವ ಚಿವಿತಾವೆಕ್ಕಿಯಾ ಬಂದರಿನಿಂದ ರೋಮಿಗೆ ತುಮಕೂರಿನಿಂದ ಬೆಂಗಳೂರಿಗೆ ಇರುವಷ್ಟೇ ದೂರ. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದು, ಊರಿಗೆ ಸಿಗುವುದು ಮೂರು ನಾಲ್ಕು ಗಂಟೆ. ಫ್ಲಾರೆನ್ಸಿಗೆ ಲಿವೋರ್ನೊ ಬಂದರಿನಿಂದ ಇನ್ನೂ ದೂರ. ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ಹೋದವರು ಹೊತ್ತಿಗೆ ಬಾರದಿದ್ದರೆ ಹಡಗು ಕಾಯುವುದಿಲ್ಲ. ಹಡಗಿನವರೇ ಮಾರುವ ಬಸ್ಸಿನ ಟಿಕೆಟ್ ದುಬಾರಿ, ಆದರೆ ಆ ಬಸ್ಸು ತಡವಾದರೆ ಕಾಯುತ್ತಾರೆ. ವಯಸ್ಸಾದವರು ದೂರದ ಊರಿಗೆ ಹೋಗುವುದಾದರೆ ಅದನ್ನೇ ಕೊಳ್ಳುವುದು ಕ್ಷೇಮ.

ಹಾಗಾದರೆ ಹಡಗಿಗೆ ಯಾರು ಹೋಗಬೇಕು? ಮಂಡಿನೋವಿನವರು, ದಿನಾ ಹೋಟೆಲ್ ಬದಲಾಯಿಸಿ ಪೆಟ್ಟಿಗೆ ಕಟ್ಟಲಾರದವರು, ಮಕ್ಕಳು ಮೊಮ್ಮಕ್ಕಳೊಂದಿಗೆ ಒಂದು ವಾರ ಒಂದೇ ಸೂರಿನಡಿ ಇರಬೇಕೆಂಬುವವರು. ಅವರಿಗೆ ಇದಕ್ಕಿಂತ ಸುಖವಾದ ಪ್ರವಾಸ ನನಗೆ ತಿಳಿದಂತೆ ಇಲ್ಲ. ಕೋಣೆ ಒಂದೇ, ಊರುಗಳೇ ಬಾಗಿಲಿಗೆ ಬರುತ್ತವೆ. ರಾತ್ರಿ ಊಟವಾದ ಮೇಲೆ ರಂಗಮಂದಿರದಲ್ಲಿ ದಿನಕ್ಕೊಂದು ಆಟ. ನಮ್ಮ ಗುಬ್ಬಿ ಕಂಪನಿಯವರು ಅಡಿಗೆಯವರು, ಬಡಗಿಗಳು, ಪರದೆ ಬರೆಯುವವರು, ದೀಪದವರು, ಸಂಗೀತದವರು ಎಲ್ಲರನ್ನೂ ಕಟ್ಟಿಕೊಂಡು ಊರಿಂದೂರಿಗೆ ಒಂದು ಸಂಸಾರವೇ ನಡೆದಂತೆ ಹೋಗುತ್ತಿದ್ದುದನ್ನು ಹಿರಿಯರು ಹೇಳುವುದು ಕೇಳಿದ್ದೇವಲ್ಲ, ಹಡಗೂ ಹಾಗೆಯೇ. ಸಾವಿರ ಜನ ಕೆಲಸಗಾರರು ತಳದ ಅಂತಸ್ತುಗಳಲ್ಲಿ ವಾಸ. ಅವರಲ್ಲಿ ಗೋವಾದವರು, ಮುಂಬಯಿಯವರು, ಕೇರಳದವರು ಇರುತ್ತಾರೆ. ನಮ್ಮ ಹಡಗಿನಲ್ಲಿ ಮಂಗಳೂರಿನ ಹುಡುಗನೊಬ್ಬ ಸಿಕ್ಕಿ ಕನ್ನಡದಲ್ಲಿ ಮಾತಾಡಿಸಿದ. ಇವರಿಗೆ ಒಂದು ನಮಸ್ಕಾರ ಹೇಳಿಟ್ಟರೆ ವಾರವೆಲ್ಲ ಅನುಕೂಲ.

ಈಗ ದುಡ್ಡಿನ ವಿಚಾರ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರ ತಲೆಗೆ ಇಷ್ಟು ಎಂದು. ಅದೂ ಇಬ್ಬರು ಒಂದು ಕೋಣೆಯಲ್ಲಿದ್ದರೆ, ಅದೂ ಕಿಟಕಿಯೇ ಇಲ್ಲದ ಒಳಕೋಣೆಗೆ. ಒಬ್ಬರೇ ಹೋಗುವವರು ಹೆಚ್ಚುಕಡಿಮೆ ಎರಡರಷ್ಟು ತೆರಬೇಕಾಗುತ್ತದೆ. ಆ ದರದಲ್ಲಿ ಕೋಣೆ, ಹೊತ್ತುಹೊತ್ತಿನ ಊಟ, ಆಟ, ಈಜುಕೊಳ ಸೇರಿವೆ. ಸೇರದೆ ಉಳಿಯುವುದೇ ಉದ್ದದ ಪಟ್ಟಿ. ಸೇವಾಶುಲ್ಕವೆಂದು ದಿನಕ್ಕೆ ಒಬ್ಬೊಬ್ಬರ ಮೇಲೆ ಒಂದಿಷ್ಟು ಯೂರೋ ತಾನಾಗಿಯೇ ಲೆಕ್ಕಕ್ಕೆ ಬೀಳುತ್ತದೆ. ಮದ್ಯ, ತಂಪುಪಾನೀಯ, ಬಟ್ಟೆ ಒಗೆತ, ಇಂಟರ್‌ನೆಟ್, ವೈದ್ಯರು, ಊರು ಸುತ್ತುವ ಬಸ್ಸು ಎಲ್ಲಕ್ಕೂ ಬೇರೆ. ನಮ್ಮವರಿಗೆ ಅತ್ಯಂತ ಸಿಟ್ಟು ಬರಿಸುವುದು ನೀರು. ಇಟಲಿಯವರ ಮೇಜಿನಲ್ಲಿ ನೀರೆಂದರೆ ಬಾಟಲಿ ನೀರು, ಅದಕ್ಕೆ ದುಡ್ಡು. ಯಾರೇ ಬರಲಿ ಮೊದಲು ನೀರು ಕೊಟ್ಟು ಮಾತಾಡಿಸುವ ನಮಗೆ ಇದು ಒಗ್ಗುವುದು ಕಷ್ಟ. ಬೆಳಿಗ್ಗೆ ಬಫೆ ಊಟದ ಮನೆಯಲ್ಲಿ ನಲ್ಲಿ ಯಂತ್ರದ ನೀರು ಪುಕ್ಕಟೆ.

ಹಡಗಿನಲ್ಲಿ ನೋಟು ಚಲಾವಣೆಯಿಲ್ಲ. ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಉದ್ರಿ ಪುಸ್ತಕ. ಕಿರಾಣಿ ಅಂಗಡಿಯಲ್ಲಿ ಬರೆಸಿದಂತೆ ಎಲ್ಲ ಬರೆಸಿ, ಕಡೆಯ ದಿನ ಚುಕ್ತಾ. ಬರೆಸಿದ ಲೆಕ್ಕವನ್ನು ಎರಡು ದಿನಕ್ಕೊಮ್ಮೆ ಕೌಂಟರಿನಲ್ಲಿ ಕೇಳಿ ನೋಡಿಕೊಳ್ಳಿ. ಕಡೆಯ ರಾತ್ರಿ ಆ ಕೌಂಟರಿನ ಮುಂದೆ ಸೊಸೈಟಿ ಗೊಬ್ಬರ ಬಂದ ದಿನದಂಥ ಸಾಲು. ಹಡಗಿನ ಫೋಟೋದವರು ದಿನಾ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ತೆಗೆಸಿಕೊಳ್ಳಲು ಕಾಸಿಲ್ಲ, ಕೊಳ್ಳಲು ಹೋದರೆ ಬೆಲೆ ಗೊತ್ತಾಗುತ್ತದೆ. ನಮ್ಮ ಹೆಂಗಸರ ರೇಷ್ಮೆ ಸೀರೆ ಕಂಡರಂತೂ ಬಿಡುವುದಿಲ್ಲ. ಕಡಲ ನಡುವೆ ಮೊಬೈಲ್ ಫೋನು ತಾನಾಗಿಯೇ ಹಡಗಿನ ಜಾಲಕ್ಕೆ ಸೇರಿಕೊಂಡರೆ ಸಾವಿರಗಟ್ಟಲೆ ಬಿಲ್ಲು ಬರುತ್ತದೆ. ಹಡಗು ಬಂದರು ಬಿಡುವ ಮೊದಲೇ ಅದನ್ನು ವಿಮಾನದ ಗುರುತಿಗೆ ತಿರುಗಿಸಿಡಲು ಮಕ್ಕಳಿಂದ ಕಲಿತುಕೊಳ್ಳಿ. ದಡ ಕಾಣದಷ್ಟು ದೂರ ಹೋದ ಮೇಲೆ ಜೂಜಿನ ಕೋಣೆಯೂ ತೆರೆಯುತ್ತದೆ. ಅದರ ಬಗ್ಗೆ ನಾನು ಹೇಳುವುದೇನಿದೆ?

ಕಾಫಿ ಬೆಳೆಗಾರ ಮಿತ್ರರು ಇಲ್ಲಿ ಸ್ವಲ್ಪ ಗಮನವಿಡಬೇಕು. ಭಾರತದ ಕಾಫಿಗೆ ಎಷ್ಟೋ ವರ್ಷಗಳಿಂದ ಇಟಲಿಯೇ ದೊಡ್ಡ ಗಿರಾಕಿ. ಎಸ್ಪ್ರೆಸೊದ ಮೇಲೆ ನಿಲ್ಲುವ ಕಂದು ನೊರೆಗೂ ಮೈಗೂ ನಮ್ಮ ರೊಬಸ್ಟಾ ಅವರಿಗೆ ಬೇಕು. ಮಂಗಳೂರಿನ ಮುಂಗಾರು ಗಾಳಿಗೆ ಒಡ್ಡಿ ಉಬ್ಬಿಸಿದ ಮಾನ್ಸೂನ್ಡ್ ಕಾಫಿಯೂ ಬೇಕು. ಹಾಗೆಂದು ಹಡಗಿನ ಬಾರಿನಲ್ಲಿ 'ಕಾಫಿ' ಎಂದರೆ ನಮ್ಮ ಕಾಫಿ ಬರುವುದಿಲ್ಲ. ಏಳೆಂಟು ಗ್ರಾಂ ಪುಡಿಯಿಂದ ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ ಒತ್ತಡದ ಬಿಸಿನೀರು ಹಾಯಿಸಿ ಇಳಿಸಿದ ಎರಡು ಗುಟುಕು ಕಹಿ ಕಷಾಯ ಒಂದು ಬೊಂಬೆಯಾಟದ ಬಟ್ಟಲಿನಲ್ಲಿ ಬರುತ್ತದೆ. ಅವರು ನಿಂತೇ ಕುಡಿದು ಹೋಗುತ್ತಾರೆ. ಬೆಂಗಳೂರಿನ ಅಭ್ಯಾಸದಲ್ಲಿ 'ಲಾಟೆ' ಎಂದು ಕೇಳಿದರೆ ಬರಿಯ ಹಾಲು ತಂದಿಟ್ಟಾರು, ಏಕೆಂದರೆ ಇಟಲಿಯ ಮಾತಿನಲ್ಲಿ ಅದರ ಅರ್ಥವೇ ಹಾಲು. 'ಕಫೆ ಲಾತ್ತೆ' ಎನ್ನಬೇಕು. ನೊರೆಹಾಲಿನ ಕಪುಚಿನೊ ಅವರು ಬೆಳಿಗ್ಗೆ ಬಿಟ್ಟರೆ ಕುಡಿಯುವುದಿಲ್ಲ. ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಮುಖ ಮಾತ್ರ ನೋಡುತ್ತಾರೆ. ನೀವು ಬೆಳೆಗಾರರು, ಸಂಕೋಚಪಡದೆ ಕೇಳಿ. ಬೆಳಗಿನ ತಿಂಡಿಯ ಜೊತೆ ಯಂತ್ರದಲ್ಲಿ ಸಿಗುವ ಕಾಫಿ ಪುಕ್ಕಟೆ, ರುಚಿಯೂ ಹಾಗೆಯೇ. ಬಾರಿನದಕ್ಕೆ ದುಡ್ಡು, ಆದರೆ ಅದು ಕಾಫಿ.

ಊಟದಲ್ಲಿ ಇಟಲಿಯತನ ನಿಜವಾಗಿ ಕಾಣುತ್ತದೆ. ರಾತ್ರಿ ಊಟಕ್ಕೆ ಎರಡು ಪಂಕ್ತಿ. ಮೊದಲನೆಯದು ಏಳರ ಆಸುಪಾಸು, ಎರಡನೆಯದು ಒಂಬತ್ತು ದಾಟಿ. ಟಿಕೆಟ್ ಮಾಡಿಸುವಾಗಲೇ ಮೊದಲ ಪಂಕ್ತಿ ಬೇಕೆಂದು ಬರೆಸಿ. ನಿಮ್ಮ ಮೇಜು ವಾರಪೂರ್ತಿ ಅದೇ, ಬಡಿಸುವವನೂ ಸಾಮಾನ್ಯವಾಗಿ ಅವನೇ. ಎಲೆಯ ಮೇಲೆ ಎಲ್ಲ ಒಟ್ಟಿಗೆ ಬಡಿಸಿಕೊಂಡು ಉಣ್ಣುವ ನಮಗೆ ಅವರ ಸರದಿ ಬೇಸರ ತರುತ್ತದೆ. ಮೊದಲು ನಂಜಿಕೊಳ್ಳುವಂಥದ್ದು, ಆಮೇಲೆ ಪಾಸ್ತಾ ಅಥವಾ ಅನ್ನದ ರಿಸೊಟ್ಟೊ, ಆಮೇಲೆ ಮಾಂಸವೋ ಮೀನೋ, ಕಡೆಗೆ ಸಿಹಿ. ಒಂದೂವರೆ ಗಂಟೆ ಹಿಡಿಯುತ್ತದೆ. ಪಾಸ್ತಾ ನಡುವೆ ಗಟ್ಟಿ ಉಳಿದಂತೆ ಬೇಯಿಸುವುದೇ ಅವರ ಹದ. ಬೆಂದಿಲ್ಲವೆಂದು ವಾಪಸು ಕಳಿಸಿದವರನ್ನು ನೋಡಿದೆ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಈ ನಾಲ್ಕು ಮಾತು ಬರೆದಿಟ್ಟುಕೊಳ್ಳಬೇಕು. ಸಸ್ಯಾಹಾರವೆಂದು ಗುರುತು ಹಾಕಿದ ಊಟ ಪ್ರತಿದಿನ ಇರುತ್ತದೆ. ಆದರೆ ಅವರ ಸಸ್ಯಾಹಾರವೇ ನಮ್ಮ ಸಸ್ಯಾಹಾರವಲ್ಲ. ಎಲ್ಲದರ ಮೇಲೂ ತುರಿದು ಹಾಕುವ ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿಗೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನೇ ಹಾಕಬೇಕೆಂಬುದು ಅದರ ಕಟ್ಟಳೆ. ಹಸಿರು ಪೆಸ್ಟೊದಲ್ಲೂ ಅದು ಇರುತ್ತದೆ. ರಿಸೊಟ್ಟೊ, ತರಕಾರಿ ಸಾರುಗಳನ್ನು ಮಾಂಸ ಬೇಯಿಸಿದ ರಸದಲ್ಲಿ ಮಾಡುವುದುಂಟು. ಪನ್ನಾಕೋಟಾ ಎಂಬ ಬೆಳ್ಳಗಿನ ಸಿಹಿ ಗಟ್ಟಿಯಾಗುವುದು ಜೆಲಟಿನ್‌ನಿಂದ, ಅದೂ ಪ್ರಾಣಿಜನ್ಯ. ಬೆಳ್ಳುಳ್ಳಿ ಎಣ್ಣೆ ಹಾಕಿದ ಪಾಸ್ತಾ, ಬರಿಯ ಟೊಮ್ಯಾಟೊ ಗೊಜ್ಜಿನ ಪಾಸ್ತಾ, ಗಿಣ್ಣಿಲ್ಲದ 'ಮರಿನಾರಾ' ಪಿಜ್ಜಾ, ಬೇಯಿಸಿದ ಆಲೂಗಡ್ಡೆ, ಬದನೆಕಾಯಿ, ಹಣ್ಣು ಇವು ನಿಶ್ಚಿಂತೆ. 'ಗಿಣ್ಣು ಬೇಡ' ಎಂದು ಒಂದು ಮಾತು ಹೇಳಿದರೆ ಸಾಕು. ಜೈನ ಊಟ ಬೇಕಾದವರು ಟಿಕೆಟ್ ಜೊತೆಗೇ ಬರಹದಲ್ಲಿ ಕೇಳಬೇಕು, ಹತ್ತಿದ ದಿನವೂ ಮೇಲ್ವಿಚಾರಕನಿಗೆ ಹೇಳಬೇಕು. ಮೂರನೆಯ ದಿನ ಅನ್ನ ಸಾರಿನ ನೆನಪು ಬಂದೇ ಬರುತ್ತದೆ. ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆ ಕೋಣೆಯಲ್ಲಿ ಬಳಸುವಂತಿಲ್ಲ. ತಂದದ್ದು ಕಂಡರೆ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಪ್ರಯಾಣಿಕರು ಯೂರೋಪಿನ ಒಕ್ಕೂಟಕ್ಕೆ ತರುವುದಕ್ಕೇ ನಿಷೇಧವಿದೆ.

ಇನ್ನು ನಮ್ಮ ಬೆಳೆ. ದುಬೈಯಲ್ಲಿ ಹಡಗು ಹತ್ತುವವರು, ಅಲ್ಲಿ ಇಳಿದು ಹೊರಗೆ ಹೋಗುವವರು ಎಲೆ ಅಡಿಕೆಯನ್ನು ಪೆಟ್ಟಿಗೆಯಲ್ಲಿಡಲೇಬೇಡಿ. ವೀಳ್ಯದೆಲೆ, ಪಾನ್ ಅಲ್ಲಿಯ ಸುಂಕದವರ ನಿಷಿದ್ಧ ಪಟ್ಟಿಯಲ್ಲಿವೆ. ಗಸಗಸೆಯಂತೂ ಅಲ್ಲಿ ಮಾದಕವಸ್ತುವಿನ ಲೆಕ್ಕ. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ತೊಂದರೆ. ಹಡಗಿನ ಮೇಲಂತೂ ಹಾಕಿಕೊಂಡು ಉಗುಳಲು ಜಾಗವೇ ಇಲ್ಲ. ಕಡಲಿದೆಯಲ್ಲ ಎನ್ನಬೇಡಿ, ಮೇಲಿಂದ ಬಿದ್ದದ್ದು ಗಾಳಿಗೆ ಕೆಳಗಿನ ಅಂತಸ್ತಿನವರ ಬಾಲ್ಕನಿಗೆ ಬರುತ್ತದೆ.

ಕೋಣೆ ಚಿಕ್ಕದು, ಅಚ್ಚುಕಟ್ಟು. ಬಚ್ಚಲು ಇನ್ನೂ ಚಿಕ್ಕದು. ಇಟಲಿಯ ಮನೆಗಳಲ್ಲಿ ತೊಳೆದುಕೊಳ್ಳಲು ಬಿಡೆ ಇರಲೇಬೇಕೆಂದು 1975ರ ಒಂದು ಆಜ್ಞೆಯಿದೆ, ಹಡಗಿನ ಕೋಣೆಗೆ ಆ ಭಾಗ್ಯವಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ. ಕುಣಿಗಲ್ ಕೆರೆಗಿಂತ ದೊಡ್ಡ ನೀರಿನ ಮೇಲೆ ಹೋಗಿಯೇ ಇಲ್ಲದವರಿಗೆ ತಲೆಸುತ್ತಿನ ಭಯ ಸಹಜ. ನಡುಭಾಗದ, ಕೆಳ ಅಂತಸ್ತಿನ ಕೋಣೆ ಕಡಿಮೆ ಅಲುಗುತ್ತದೆ, ಬೆಲೆಯೂ ಕಡಿಮೆ. ಮಾತ್ರೆಯನ್ನು ಊರಿನ ವೈದ್ಯರನ್ನು ಕೇಳಿಯೇ ಒಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಈಗ ಹೇಳುತ್ತೇನೆ. ಹತ್ತಿದ ದಿನವೇ ಎಲ್ಲರನ್ನೂ ಅಪಾಯದ ಅಭ್ಯಾಸಕ್ಕೆ ಕರೆಯುತ್ತಾರೆ. ಹಡಗಿನ ಸಿಳ್ಳೆ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಕೂಗುತ್ತದೆ. ಪ್ರಕಟಣೆ ಇಟಲಿ, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್, ಇಂಗ್ಲಿಷ್ ಎಂದು ಒಂದರ ಮೇಲೊಂದು ಬರುವುದರಿಂದ ಕಿವಿಗೊಟ್ಟವರಿಗೂ ಬೇಸರ. ಕೆಲವರು ಕಾಫಿ ಹಿಡಿದು ಅಲ್ಲೇ ಕೂತಿರುತ್ತಾರೆ. ಹಾಗೆ ಮಾಡಬೇಡಿ.

2012ರ ಜನವರಿ 13ರ ರಾತ್ರಿ 'ಕೋಸ್ಟಾ ಕಾನ್ಕೋರ್ಡಿಯಾ' ಎಂಬ ಹಡಗು ಇಟಲಿಯ ಜಿಲಿಯೊ ದ್ವೀಪಕ್ಕೆ ತೀರಾ ಹತ್ತಿರ ಹೋಗಿ ಬಂಡೆಗೆ ತಗುಲಿತು. ಮೇಲೆ 4,200ಕ್ಕೂ ಹೆಚ್ಚು ಜನರಿದ್ದರು. ಹಡಗು ಬಿಡಿ ಎಂಬ ಆಜ್ಞೆ ಬರುವುದರೊಳಗೆ ಒಂದು ಗಂಟೆಗೂ ಮಿಕ್ಕಿ ಕಳೆದುಹೋಗಿತ್ತು. ಅಷ್ಟರಲ್ಲಿ ಹಡಗು ವಾಲಿ, ಒಂದು ಮಗ್ಗುಲ ದೋಣಿಗಳನ್ನು ಇಳಿಸುವುದು ಕಷ್ಟವಾಯಿತು. 32 ಜನ ಸತ್ತರು. ಅವರಲ್ಲಿ ಒಬ್ಬ ನಮ್ಮ ದೇಶದವನು, ಹಡಗಿನ ಕೆಲಸಗಾರ. ಅವನ ಅವಶೇಷ ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ. ಕಪ್ತಾನನಿಗೆ 16 ವರ್ಷ ಶಿಕ್ಷೆಯಾಯಿತು. ಆ ಸಂಜೆ ಚಿವಿತಾವೆಕ್ಕಿಯಾದಲ್ಲಿ ಹತ್ತಿದ ನೂರಾರು ಜನರಿಗೆ ಅಭ್ಯಾಸವೇ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗ ನಿಯಮವಿತ್ತು. ಆ ಮೇಲೆ ಅಂತರರಾಷ್ಟ್ರೀಯ ನಿಯಮವನ್ನೇ ತಿದ್ದಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸವಾಗಬೇಕೆಂದು ಮಾಡಿದ್ದಾರೆ.

ಈಗ ಅನೇಕ ಹಡಗುಗಳಲ್ಲಿ ಕೋಣೆಯ ಟಿವಿಯಲ್ಲೋ ಫೋನಿನಲ್ಲೋ ಚಿತ್ರ ನೋಡಿ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬಂದರಾಯಿತು. ಆ ಜಾಗದ ಅಕ್ಷರ ಕೋಣೆಯ ಬಾಗಿಲ ಹಿಂದೆ ಬರೆದಿರುತ್ತದೆ. ಲಿಫ್ಟು ಬಿಟ್ಟು ಮೆಟ್ಟಿಲಿನಲ್ಲೇ ಅಲ್ಲಿಗೆ ಒಮ್ಮೆ ನಡೆದು ಹೋಗಿ ಬನ್ನಿ, ಏಕೆಂದರೆ ಆಪತ್ತಿನಲ್ಲಿ ಲಿಫ್ಟು ಬಳಸುವಂತಿಲ್ಲ. ಮಂಡಿ ಹಿಡಿದವರು ಮೆಟ್ಟಿಲಿಗೆ ಹತ್ತಿರದ ಕೋಣೆಯನ್ನೇ ಕೇಳಿ ಪಡೆಯಬೇಕು. ತೇಲಂಗಿ ಬೀರುವಿನಲ್ಲಿ ಎಲ್ಲಿದೆ, ಕಟ್ಟಿಕೊಳ್ಳುವುದು ಹೇಗೆ ಎಂದು ಗಂಡ ಹೆಂಡತಿ ಇಬ್ಬರೂ ಒಮ್ಮೆ ತೊಟ್ಟು ನೋಡಿ. ರಾತ್ರಿ ಮಲಗುವಾಗ ಕನ್ನಡಕ, ಮಾತ್ರೆ, ಚಪ್ಪಲಿ ಕೈಗೆಟುಕುವಂತಿರಲಿ. ಇದನ್ನು ಹೆದರಿಸಲು ಬರೆದಿಲ್ಲ. ಶಿರಾಡಿ ಘಾಟಿಯ ರಸ್ತೆಗಿಂತ ಹಡಗು ಕ್ಷೇಮವೆಂದೇ ನನ್ನ ಎಣಿಕೆ.

ಹೊರಡುವ ಕಾಲದ ಬಗ್ಗೆ. ಆಗಸ್ಟಿನಲ್ಲಿ ಇಟಲಿಗೆ ಇಟಲಿಯೇ ರಜೆ ಹಾಕುತ್ತದೆ. ಹಡಗೆಲ್ಲ ಗದ್ದಲ, ದರವೂ ಜಾಸ್ತಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮುಗಿದ ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ ಹವೆ ಹಿತ. ತೋಟದ ಬೋರ್‌ವೆಲ್ ನೋಡಿಕೊಳ್ಳುವವರೊಬ್ಬರು ಸಿಕ್ಕರೆ ಅದೇ ಸರಿಯಾದ ಕಾಲ. ಷೆಂಗೆನ್ ವೀಸಾ ಬೇಕು. ಅರ್ಜಿ ಬೆಂಗಳೂರಿನಲ್ಲೇ ಕೊಡಬಹುದು, 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಹಡಗು ಟ್ಯುನೀಸಿಯ, ತುರ್ಕಿಯಂಥ ಹೊರದೇಶಕ್ಕೆ ಹೋಗಿ ಮತ್ತೆ ಇಟಲಿಗೆ ಬರುವುದಿದ್ದರೆ ಒಂದಕ್ಕಿಂತ ಹೆಚ್ಚು ಸಲ ಒಳಬರುವ ವೀಸಾವನ್ನೇ ಕೇಳಬೇಕು. ಆ ದೇಶದ ವೀಸಾವನ್ನೂ ವಿಚಾರಿಸಬೇಕು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚದ ವಿಮೆ ವೀಸಾಕ್ಕೇ ಕಡ್ಡಾಯ. ಹಡಗಿನ ವೈದ್ಯರ ಬಿಲ್ಲನ್ನೂ ಅದು ಭರಿಸುತ್ತದೆಯೇ ಎಂದು ಕೇಳಿ ನೋಡಿ.

ಕಡೆಯದಾಗಿ ಅಡಿಕೆ ಬೆಳೆಗಾರರಿಗೆ. ವಿದೇಶ ಪ್ರವಾಸದ ಪ್ಯಾಕೇಜು ಮಾರುವವರು ನಿಮ್ಮಿಂದ ಆದಾಯ ತೆರಿಗೆಯ ಲೆಕ್ಕದಲ್ಲಿ ಟಿಸಿಎಸ್ ಎಂದು ಒಂದಷ್ಟು ಹಿಡಿಯುತ್ತಾರೆ. ಅದರ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಿದೆ. ಅದು ಕಳೆದುಹೋದ ಹಣವಲ್ಲ, ತೆರಿಗೆ ಬಾಕಿಯಿಲ್ಲದಿದ್ದರೆ ವಾಪಸು ಬರುವ ಹಣ. ಆದರೆ ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ರಿಟರ್ನನ್ನೇ ಸಲ್ಲಿಸದವರಿಗೆ ಅದು ಬರುವುದಿಲ್ಲ. ಟಿಕೆಟ್ ಮಗನ ಹಣದಲ್ಲಾಗುತ್ತದೆಯೋ ನಿಮ್ಮದರಲ್ಲೋ, ಯಾರ ಪ್ಯಾನ್ ಸಂಖ್ಯೆ ಬರೆಸುತ್ತೀರೋ ಅವರೇ ರಿಟರ್ನ್ ಹಾಕಬೇಕು. ರಸೀತಿಯನ್ನು ಜೋಪಾನವಾಗಿಟ್ಟುಕೊಳ್ಳಿ.